ಪಾಶ್ಚರನಿಗೆ ಆಸರೆಯಾದವರು

ಲೂಯಿ ಪಾಶ್ಚರನ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಹಾಲು ಬೇಗ ಕೆಡದಂತೆ ಹದವರಿತು ಕಾಯಿಸುವ ಕ್ರಮಕ್ಕೆ ಅವನ ಹೆಸರೇ ನಿಂತಿದೆ. ಹುಚ್ಚುನಾಯಿ ಕಡಿದವರನ್ನು ಉಳಿಸುವ ಚುಚ್ಚುಮದ್ದನ್ನು ಲೋಕಕ್ಕೆ ಕೊಟ್ಟವನು ಅವನು. ನೀಲಗಿರಿಯ ಕೂನೂರಿನಲ್ಲಿ ೧೯೦೭ರಲ್ಲಿ ಆರಂಭವಾದ ಸಂಸ್ಥೆಗೂ ಅವನ ಹೆಸರನ್ನೇ ಇಟ್ಟರು. ಇಷ್ಟನ್ನು ನಾವೆಲ್ಲರೂ ಹೈಸ್ಕೂಲಿನ ಪಾಠಗಳಲ್ಲಿಯೇ ಓದಿದ್ದೇವೆ. ಆದರೆ ಅವನ ಅತಿದೊಡ್ಡ ಕೆಲಸಗಳಲ್ಲಿ ಹಲವು, ಮೆದುಳಿಗೆ ಪೆಟ್ಟು ಬಿದ್ದು ಎಡಮೈ ಸ್ವಾಧೀನ ತಪ್ಪಿದ ಮೇಲೆ ನಡೆದುವೆಂಬುದು ಕಳೆದ ವರ್ಷದವರೆಗೆ ನನಗೆ ತಿಳಿದಿರಲಿಲ್ಲ.

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ವಿಜ್ಞಾನಿಯ ಚರಿತ್ರೆಯನ್ನು ಬರೆಯಹೊರಟುದೇಕೆಂದು ಮಿತ್ರರು ಕೇಳಬಹುದು. ಅದಕ್ಕೆ ಕಾರಣವಿದೆ. ನಮ್ಮದು ಚನ್ನಪಟ್ಟಣದ ಕಡೆಯ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ಹುಳುವಿನ ಮನೆ, ಇವೇ ನಮ್ಮ ಜೀವನಾಧಾರ. ಕಳೆದ ಶ್ರಾವಣದಲ್ಲಿ ಒಂದು ಮುಂಜಾನೆ ಹುಳುವಿಗೆ ಸೊಪ್ಪು ಹಾಕುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ಕುಸಿದು ಬಿದ್ದರು. ಲಕ್ವ ಹೊಡೆಯಿತೆಂದು ಊರವರು ಹೇಳಿದರು. ಮೆದುಳಿನ ಬಲಭಾಗದಲ್ಲಿ ರಕ್ತ ಸೋರಿದೆಯೆಂದು ಆಸ್ಪತ್ರೆಯಲ್ಲಿ ತಿಳಿಸಿದರು. ಮೂರು ವಾರ ಕಳೆದು ಮನೆಗೆ ಬಂದಾಗ ಅವರ ಎಡಗೈ, ಎಡಗಾಲುಗಳು ಅವರ ಮಾತು ಕೇಳುತ್ತಿರಲಿಲ್ಲ. ಆ ದಿನಗಳಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಪಾಶ್ಚರನ ಜೀವನ ಚರಿತ್ರೆಯೊಂದು ಆಕಸ್ಮಿಕವಾಗಿ ನನ್ನ ಕೈಗೆ ಬಂದಿತು. ಅದರಲ್ಲಿ ರೇಷ್ಮೆಹುಳುವಿನ ಪ್ರಸ್ತಾಪವಿರುವುದನ್ನು ಕಂಡು ಕುತೂಹಲದಿಂದ ಓದತೊಡಗಿದೆ. ಓದಿ ಮುಗಿಸಿದಾಗ ನಮ್ಮ ಮನೆಯಲ್ಲಿ ನಾವು ಮಾಡಿದ್ದ ಒಂದು ತಪ್ಪು ನನಗೆ ತಿಳಿದಿತ್ತು. ಅದನ್ನು ಕೊನೆಯಲ್ಲಿ ಹೇಳುವೆನು.

ಪಾಶ್ಚರನು ೧೮೨೨ನೆಯ ಇಸವಿ ಡಿಸೆಂಬರ್ ೨೭ರಂದು ಫ್ರಾನ್ಸ್ ದೇಶದ ಪೂರ್ವಭಾಗದಲ್ಲಿರುವ ಡೋಲ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಚರ್ಮ ಹದಮಾಡುವ ಕಸುಬಿನವನು. ಹಿಂದೆ ನೆಪೋಲಿಯನ್ನನ ಸೈನ್ಯದಲ್ಲಿದ್ದವನು. ಹುಡುಗನು ಆರ್ಬ್ವಾ ಎಂಬ ಊರಿನಲ್ಲಿ ಬೆಳೆದನು. ಚಿತ್ರ ಬರೆಯುವುದರಲ್ಲಿ ಅವನ ಕೈ ಚೆನ್ನಾಗಿತ್ತು. ಅವನು ಬರೆದ ತಾಯಿ ತಂದೆಯರ ಭಾವಚಿತ್ರಗಳು ಇಂದಿಗೂ ಉಳಿದಿವೆ. ಮುಂದೆ ಪ್ಯಾರಿಸ್ಸಿನ ಎಕೋಲ್ ನಾರ್ಮಲ್ ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯಲ್ಲಿ ಓದಿ, ೧೮೪೮ರಲ್ಲಿ ಟಾರ್ಟಾರಿಕ್ ಆಮ್ಲದ ಹರಳುಗಳ ವಿಷಯವಾಗಿ ಮಾಡಿದ ಸಂಶೋಧನೆಯಿಂದ ಹೆಸರು ಗಳಿಸಿದನು. ಮರುವರ್ಷ ಸ್ಟ್ರಾಸ್‌ಬರ್ಗಿನಲ್ಲಿ ಅಧ್ಯಾಪಕನಾಗಿ ಹೋದಾಗ ಅಲ್ಲಿಯ ವಿದ್ಯಾಲಯದ ಮುಖ್ಯಾಧಿಕಾರಿಯ ಮಗಳು ಮಾರಿ ಲೊರಾಂ ಅವನ ಕೈ ಹಿಡಿದಳು. ೧೮೪೯ರ ಮೇ ೨೯ರಂದು ಅವರ ವಿವಾಹವಾಯಿತು.

ಈ ಮಾರಿಯ ವಿಷಯವಾಗಿ ಎರಡು ಮಾತು ಹೇಳಲೇಬೇಕು. ಗಂಡನು ಹಗಲೆಲ್ಲ ಪ್ರಯೋಗಶಾಲೆಯಲ್ಲಿ ಕಳೆದು ಬಂದು ಸಂಜೆ ಹೇಳುತ್ತಿದ್ದುದನ್ನು ಆಕೆ ಬರೆದುಕೊಳ್ಳುತ್ತಿದ್ದಳು, ಅರ್ಥವಾಗದುದನ್ನು ಕೇಳುತ್ತಿದ್ದಳು, ಅವನ ಕರಡುಗಳನ್ನು ಅಂದವಾದ ಅಕ್ಷರಗಳಲ್ಲಿ ತಿದ್ದಿ ಬರೆದುಕೊಡುತ್ತಿದ್ದಳು. ಬಿಡುವೆಂಬುದನ್ನು ಅರಿಯದ ಗಂಡನೊಡನೆ ಬಾಳುವುದು ಸುಲಭದ ಮಾತಲ್ಲ. ಐದು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳನ್ನು ಆಕೆ ಮಣ್ಣಿಗಿಟ್ಟಳು. ಹಿರಿಯ ಮಗಳು ಝಾನ್ ೧೮೫೯ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಳು. ಎರಡು ವರ್ಷದ ಕಮೀಲ್ ೧೮೬೫ರಲ್ಲಿಯೂ, ಹನ್ನೆರಡು ವರ್ಷದ ಸೆಸೀಲ್ ೧೮೬೬ರಲ್ಲಿಯೂ ಹೋದರು. ಉಳಿದವರು ಮಗ ಝಾನ್ ಬಾಪ್ತಿಸ್ತ್, ಮಗಳು ಮಾರಿ ಲೂಯೀಸ್ ಇಬ್ಬರೇ.

ಈ ದುಃಖಗಳ ನಡುವೆಯೇ ರೇಷ್ಮೆಹುಳುವಿನ ಕೆಲಸ ಬಂದು ಮೈಮೇಲೆ ಬಿದ್ದಿತು. ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಆಗ ಲಕ್ಷಾಂತರ ಜನ ರೇಷ್ಮೆಯನ್ನು ನಂಬಿ ಬದುಕಿದ್ದರು. ೧೮೫೩ರಲ್ಲಿ ಸುಮಾರು ೨ ಕೋಟಿ ೬೦ ಲಕ್ಷ ಕಿಲೋಗ್ರಾಂ ಗೂಡು ಬೆಳೆದ ದೇಶ, ೧೮೬೫ರ ಹೊತ್ತಿಗೆ ಸುಮಾರು ೪೦ ಲಕ್ಷಕ್ಕೆ ಇಳಿದಿತ್ತು. ಹುಳುವಿನ ಮೈಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದಂಥ ಚುಕ್ಕೆಗಳು ಕಾಣಿಸಿಕೊಂಡು, ಹಣ್ಣಾಗುವ ಮೊದಲೇ ಹುಳುಗಳು ಸಾಯುತ್ತಿದ್ದುವು. ಪೆಬ್ರೀನ್ ಎಂಬ ಹೆಸರೂ ಮೆಣಸಿನಿಂದಲೇ ಬಂದುದು. ನಮ್ಮ ರೈತರು ಗಂಟುರೋಗವೆನ್ನುವುದು ಇದನ್ನೇ. ಪಾಶ್ಚರನ ಗುರುವಾದ ದ್ಯುಮಾ ಎಂಬ ರಸಾಯನಶಾಸ್ತ್ರಜ್ಞನು ಆ ಪ್ರಾಂತದವನು. ರೇಷ್ಮೆಹುಳುವನ್ನು ಎಂದೂ ಮುಟ್ಟಿಯೂ ನೋಡದಿದ್ದ ಶಿಷ್ಯನನ್ನು ೧೮೬೫ರಲ್ಲಿ ಆಲೆ ಎಂಬ ಪಟ್ಟಣಕ್ಕೆ ಕಳುಹಿಸಿದವನು ಅವನೇ. ಅಲ್ಲಿ ಒಂದು ಮನೆ ಹಿಡಿದು, ಹೆಂಡತಿ, ಮಗಳು, ಶಿಷ್ಯರು ಎಲ್ಲರೂ ಸೊಪ್ಪು ಕಿತ್ತು ತಂದು ಹುಳು ಸಾಕಿದರು. ಪಾಶ್ಚರನು ಮೊದಲು ರೋಗದ ಸ್ವರೂಪವನ್ನು ತಪ್ಪಾಗಿ ತಿಳಿದನು, ಆಮೇಲೆ ತಿದ್ದಿಕೊಂಡನು. ಅವನು ಕಂಡುಕೊಂಡ ಉಪಾಯ ಸರಳವಾದುದು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡುವುದು. ಇಂದು ನಮ್ಮ ಜಿಲ್ಲೆಯ ಬಿತ್ತನೆ ಕೋಠಿಗಳಲ್ಲಿ ತಾಯಿಚಿಟ್ಟೆಯ ಪರೀಕ್ಷೆ ಎನ್ನುವುದರ ಮೂಲ ಇದೇ.

ಹೀಗಿರುವಾಗ ೧೮೬೮ರ ಅಕ್ಟೋಬರ್ ೧೯, ಸೋಮವಾರ ಬಂದಿತು. ಪಾಶ್ಚರನಿಗೆ ಆಗ ನಲವತ್ತಾರು ತುಂಬಿರಲಿಲ್ಲ. ಬೆಳಗ್ಗೆ ಎಡಮೈಯಲ್ಲಿ ಏನೋ ಜುಮ್ಮೆಂದ ಹಾಗಾಯಿತು. ಊಟವಾದ ಮೇಲೆ ನಡುಕ ಹುಟ್ಟಿತು. ಆದರೂ ವಿಜ್ಞಾನ ಅಕಾಡೆಮಿಯ ಸಭೆಗೆ ಹೋಗಲೇಬೇಕೆಂದು ಹಟ ಹಿಡಿದನು. ಅವನ ಮೊಟ್ಟೆ ಪರೀಕ್ಷೆಯ ಕ್ರಮ ಸರಿಯಾದುದೆಂದು ತೋರಿಸಿದ ಇಟಲಿಯವನೊಬ್ಬನ ಪ್ರಬಂಧವನ್ನು ಅಂದು ಓದಬೇಕಾಗಿತ್ತು. ಮಾರಿಯ ಮನಸ್ಸು ಅಳುಕಿತು. ಏನೋ ನೆಪ ಹೇಳಿ ಬಾಗಿಲವರೆಗೂ ಜೊತೆಯಲ್ಲಿಯೇ ಹೋದಳು. ಅವನು ಎಂದಿನ ದನಿಯಲ್ಲಿಯೇ ಪ್ರಬಂಧವನ್ನು ಓದಿದನು; ಮಿತ್ರರೊಡನೆ ನಡೆದು ಮನೆಗೆ ಬಂದನು; ಒಂಬತ್ತು ಗಂಟೆಗೆ ಮಲಗಿದನು. ಮಲಗುತ್ತಿದ್ದಂತೆಯೇ ರೋಗ ಮೇಲೆ ಬಿದ್ದಿತು. ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಮಾತು ಮರಳಿದಾಗ ಹೆಂಡತಿಯನ್ನು ಕೂಗಿದನು. ಆ ರಾತ್ರಿ ಗಂಟೆಗಂಟೆಗೂ ಎಡಗೈ, ಎಡಗಾಲುಗಳ ಶಕ್ತಿ ಕುಂದುತ್ತ ಹೋಗಿ ಕೊನೆಗೆ ಪೂರ್ತಿ ಇಂಗಿಹೋಯಿತು.

ಮೆದುಳಿನ ಬಲಭಾಗ ಎಡಮೈಯನ್ನು ಆಳುತ್ತದೆ. ಅಲ್ಲಿ ರಕ್ತ ಸೋರಿದರೆ ಎಡಮೈ ಬೀಳುತ್ತದೆ. ಇಂದಿನಂತೆ ಮೆದುಳಿನ ಚಿತ್ರ ತೆಗೆದು ನೋಡುವ ಸೌಕರ್ಯ ಅಂದಿನ ವೈದ್ಯರಿಗಿರಲಿಲ್ಲ. ಅವರಿಗೆ ತಿಳಿದಿದ್ದ ಚಿಕಿತ್ಸೆಯೆಂದರೆ ಕಿವಿಯ ಹಿಂದೆ ಹದಿನಾರು ಜಿಗಣೆಗಳನ್ನು ಕಚ್ಚಿಸಿದುದು. ಔಷಧದಿಂದ ಆಗುವುದು ಅಷ್ಟೇ ಇದ್ದಾಗ, ಉಳಿದುದೆಲ್ಲವೂ ಮನೆಯವರ ಮತ್ತು ಸ್ನೇಹಿತರ ಪಾಲಿಗೆ ಬಂದಿತು.

ಪಾಶ್ಚರನು ಸಲಿಗೆಯ ಮನುಷ್ಯನಾಗಿರಲಿಲ್ಲ. ಎಕೋಲ್ ನಾರ್ಮಲ್‌ನ ಆಡಳಿತದಲ್ಲಿದ್ದಾಗ ಅವನ ಕಟ್ಟುನಿಟ್ಟನ್ನು ಸಹಿಸಲಾರದೆ ವಿದ್ಯಾರ್ಥಿಗಳು ಕಿರಿಕಿರಿಪಟ್ಟಿದ್ದರು. ೧೮೬೭ರ ಗಲಭೆಯ ಬಳಿಕ ಅವನು ಆ ಸ್ಥಾನವನ್ನು ಬಿಡಬೇಕಾಯಿತು. ಆದರೂ ಅವನು ಹಾಸಿಗೆ ಹಿಡಿದಾಗ ಶಿಷ್ಯರು ಓಡಿಬಂದರು. ಜೆರ್ನೆ, ರೋಲ್ಯಾಂ, ದ್ಯುಕ್ಲೋ, ದಿದೋಂ ಇವರು ಸರದಿಯ ಮೇಲೆ ರಾತ್ರಿಯೆಲ್ಲ ಎಚ್ಚರವಿದ್ದು ಕಾದರು. ಸ್ನೇಹಿತರಾದ ಬೆರ್ತ್ಯಾಂ, ಸ್ಯಾಂತ್ ಕ್ಲೇರ್ ದವಿಲ್ ಮೊದಲಾದವರು ದಿನವೂ ಬಂದು ಹೋಗುತ್ತಿದ್ದರು. ಚಕ್ರವರ್ತಿ ಮೂರನೆಯ ನೆಪೋಲಿಯನ್ನನು ದಿನವೂ ಸೇವಕನನ್ನು ಕಳುಹಿಸಿ ಆರೋಗ್ಯವನ್ನು ವಿಚಾರಿಸುತ್ತಿದ್ದನು.

ಇವರೆಲ್ಲರೂ ರೋಗಿಯನ್ನು ಸುಮ್ಮನೆ ಮಲಗಿರಲು ಹೇಳಿದರು. ಅವನ ತಲೆ ಮಾತ್ರ ತಿಳಿಯಾಗಿತ್ತು. ಅದು ಹುಳುವಿನ ಮನೆಯಲ್ಲಿಯೇ ಇತ್ತು. ಒಂದು ವಾರವೂ ತುಂಬಿರಲಿಲ್ಲ. ಒಂದು ರಾತ್ರಿ ಪಕ್ಕದಲ್ಲಿ ಕಾವಲಿದ್ದ ಜೆರ್ನೆಗೆ ಅವನು ಒಂದು ಟಿಪ್ಪಣಿಯನ್ನು ಹೇಳಿ ಬರೆಯಿಸಿದನು. ನಾವು ಸಪ್ಪೆರೋಗವೆನ್ನುವ ಇನ್ನೊಂದು ಬೇನೆಗೆ ಒಳಗಾಗುವ ಬಿತ್ತನೆಯನ್ನು ಮೊದಲೇ ಗುರುತಿಸುವ ಬಗೆ ಅದರಲ್ಲಿತ್ತು. ಜೆರ್ನೆ ಏನು ಮಾಡಬೇಕಾಗಿತ್ತು? ಬೇಡವೆಂದು ತಡೆಯಬಹುದಾಗಿತ್ತು, ರೋಗಿಯ ಕನವರಿಕೆಯೆಂದು ತಳ್ಳಿಹಾಕಬಹುದಾಗಿತ್ತು. ಅವನು ಲೇಖನಿ ಹಿಡಿದು ಬರೆದುಕೊಂಡನು. ಅಕ್ಟೋಬರ್ ೨೬ರಂದು ದ್ಯುಮಾ ಅದನ್ನು ಅಕಾಡೆಮಿಯ ಮುಂದೆ ಓದಿದನು. ಕಳೆದ ಸೋಮವಾರ ತಾನೇ ಬಂದು ಓದಿಹೋದವನು ಅಂದು ಹಾಸಿಗೆಯಲ್ಲಿದ್ದನು. ಅವನ ಕೆಲಸ ಮಾತ್ರ ನಿಂತಿರಲಿಲ್ಲ.

ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟಿತು. ಪಾಶ್ಚರನಿಗೆ ಬಹುಕಾಲ ಒಳ್ಳೆಯ ಪ್ರಯೋಗಶಾಲೆಯಿರಲಿಲ್ಲ. ಅವನು ಚಕ್ರವರ್ತಿಗೆ ಬಿನ್ನವಿಸಿಕೊಂಡ ಮೇಲೆ ಎಕೋಲ್ ನಾರ್ಮಲ್‌ನ ತೋಟದಲ್ಲಿ ಹೊಸ ಕಟ್ಟಡದ ಕೆಲಸ ಆರಂಭವಾಗಿತ್ತು. ಯಜಮಾನನಿಗೆ ಪಾರ್ಶ್ವವಾಯುವಾಯಿತೆಂಬ ಸುದ್ದಿ ಬಂದೊಡನೆ ಅಧಿಕಾರಿಗಳು ಕೆಲಸವನ್ನು ನಿಲ್ಲಿಸಿಬಿಟ್ಟರು. ಸಾಯಲಿರುವವನಿಗೆ ಕಟ್ಟಡವೇಕೆಂದು ಅವರ ಲೆಕ್ಕವಿದ್ದಿರಬೇಕು. ಹಾಸಿಗೆಯಲ್ಲಿದ್ದ ಪಾಶ್ಚರನು ಕಟ್ಟಡ ಎಲ್ಲಿಯವರೆಗೆ ಬಂದಿತೆಂದು ಬಂದವರನ್ನೆಲ್ಲ ಕೇಳುತ್ತಿದ್ದನು. ಅವರು ಹಾರಿಕೆಯ ಉತ್ತರ ಕೊಡುತ್ತಿದ್ದರು. ಅವನಿಗೆ ನಿಜ ತಿಳಿಯುವುದಕ್ಕೆ ತಡವಾಗಲಿಲ್ಲ. ತನ್ನ ಸಾವನ್ನು ಎದುರುನೋಡುತ್ತಿದ್ದಾರೆಂದು ಅರಿತಾಗ ಆದ ನೋವು, ಕೈಕಾಲು ಬಿದ್ದುದಕ್ಕಿಂತ ದೊಡ್ಡದಾಯಿತು. ಆಗ ಸ್ನೇಹಿತರು ಸಮಾಧಾನ ಹೇಳಿ ಸುಮ್ಮನಾಗಲಿಲ್ಲ. ಜನರಲ್ ಫಾವೆ ಎಂಬ ಹಿತೈಷಿಯು ಸಂಗತಿಯನ್ನು ಚಕ್ರವರ್ತಿಯ ಕಿವಿಗೆ ಮುಟ್ಟಿಸಿದನು. ಕೆಲಸವನ್ನು ಮತ್ತೆ ಆರಂಭಿಸಬೇಕೆಂದು ಅಪ್ಪಣೆಯಾಯಿತು. ಕೂಲಿಯಾಳುಗಳು ತೋಟಕ್ಕೆ ಮರಳಿದರು. ರೋಗಿಯ ಮುಖದಲ್ಲಿಯೂ ಕಳೆ ಮರಳಿತು.

೧೮೬೯ರ ಜನವರಿಯಲ್ಲಿ, ಮೂರು ತಿಂಗಳು ತುಂಬುವ ಹೊತ್ತಿಗೆ, ಅವನು ದಕ್ಷಿಣಕ್ಕೆ ಹೊರಟು ನಿಂತನು. ಹುಳು ಸಾಕುವ ಕಾಲ ಸಮೀಪಿಸಿತ್ತು. ಎದ್ದು ನಡೆಯಲಾರದವನು ದೂರದ ರೈಲು ಪ್ರಯಾಣ ಮಾಡುವುದೆಂದರೆ ಯಾವ ಮನೆಯವರು ಒಪ್ಪಿಯಾರು? ಮಾರಿಯು ಅವನ ಸ್ವಭಾವವನ್ನು ಬಲ್ಲವಳು. ತಡೆದರೆ ಅವನು ಉಳಿಯಲಾರನೆಂದು ಅರಿತಿದ್ದಳೋ ಏನೋ, ಮಗಳನ್ನೂ ಕರೆದುಕೊಂಡು ತಾನೂ ಹೊರಟಳು. ಶಿಷ್ಯರು ಸ್ಯಾಂತ್ ಇಪೊಲೀತ್ ಎಂಬ ಊರಿನಲ್ಲಿ ಮನೆ ಅಣಿಮಾಡಿದ್ದರು. ಚಳಿ ಹೊಕ್ಕ ಮನೆ, ಸೌಕರ್ಯ ಕಡಿಮೆ. ಅಲ್ಲಿ ಒಂದು ದಿನ ಅವನು ಕಲ್ಲುನೆಲದ ಮೇಲೆ ಬಿದ್ದುಬಿಟ್ಟನು. ಬೇರೆಯವರಾಗಿದ್ದರೆ ಅಂದೇ ಗಂಟುಮೂಟೆ ಕಟ್ಟಿ ಪ್ಯಾರಿಸ್ಸಿಗೆ ಹಿಂತಿರುಗುತ್ತಿದ್ದರು. ಇವರು ಅವನನ್ನು ಎತ್ತಿ ಮಲಗಿಸಿ, ಚೇತರಿಸಿಕೊಂಡ ಮೇಲೆ ಮತ್ತೆ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿಯಲ್ಲಿದ್ದೇ ಅವನು ಹೇಳುತ್ತಿದ್ದನು. ಶಿಷ್ಯರು ಚಿಟ್ಟೆಗಳನ್ನು ಅರೆದು ನೋಡುತ್ತಿದ್ದರು. ಹೆಂಡತಿ ಬಂದ ಕಾಗದಗಳಿಗೆ ಉತ್ತರ ಬರೆಯುತ್ತಿದ್ದಳು. ಹತ್ತು ವರ್ಷದ ಮಗಳು ಹುಳು ನೋಡಿಕೊಳ್ಳುತ್ತಿದ್ದಳು.

ಆ ವರ್ಷವೇ ಲಿಯೋಂ ನಗರದ ರೇಷ್ಮೆ ಮಂಡಲಿಯವರು ಅವನ ಕ್ರಮವನ್ನು ಪರೀಕ್ಷಿಸಲು ಬಯಸಿದರು. ಅವನು ನಾಲ್ಕು ಬಗೆಯ ಮೊಟ್ಟೆಗಳನ್ನು ಕಳುಹಿಸಿ, ಒಂದು ಚೆನ್ನಾಗಿ ಬೆಳೆಯುವುದೆಂದೂ, ಒಂದು ಗಂಟುರೋಗದಿಂದ, ಒಂದು ಸಪ್ಪೆರೋಗದಿಂದ, ಮತ್ತೊಂದು ಎರಡರಿಂದಲೂ ಕೆಡುವುದೆಂದೂ ಮುಂಗಡವಾಗಿಯೇ ತಿಳಿಸಿದನು. ನಾಲ್ಕೂ ಅವನು ಹೇಳಿದಂತೆಯೇ ಆದುವು. ಮುಂದೆ ಟ್ರಿಯೆಸ್ಟ್ ಪಟ್ಟಣದ ಬಳಿ ರಾಜಮನೆತನಕ್ಕೆ ಸೇರಿದ ವಿಲ್ಲಾ ವಿಚೆಂತಿನಾ ಎಂಬ ಎಸ್ಟೇಟಿನಲ್ಲಿ ಸಂಸಾರಸಮೇತನಾಗಿ ತಂಗಿದನು. ರೋಗದಿಂದ ಬಹುಕಾಲ ಲಾಭ ಕಾಣದಿದ್ದ ಆ ನೆಲದಲ್ಲಿ ೧೮೭೦ರ ಬೆಳೆ ಕೈಗೆ ಬಂದಿತು. ರೇಷ್ಮೆಹುಳುವಿನ ರೋಗಗಳನ್ನು ಕುರಿತ ಅವನ ದೊಡ್ಡ ಗ್ರಂಥ ಸಿದ್ಧವಾದುದೂ ಅಲ್ಲಿಯೇ. ಅವನು ಹೇಳುತ್ತಿದ್ದನು, ಮಾರಿ ಬರೆಯುತ್ತಿದ್ದಳು. ಅದೇ ವರ್ಷ ಅದು ಅಚ್ಚಾಯಿತು.

ಪಾಶ್ಚರನು ಪೂರ್ತಿ ಗುಣವಾದನೇ ಎಂದರೆ, ಇಲ್ಲ. ಎಡಗಾಲು ಕೊನೆಯವರೆಗೂ ಎಳೆಯುತ್ತಿತ್ತು. ಎಡಗೈ ಮುದುಡಿಕೊಂಡೇ ಉಳಿಯಿತು. ಹಿಂದೊಮ್ಮೆ ಅಂದವಾಗಿ ಚಿತ್ರ ಬರೆದ ಮನುಷ್ಯನಿಗೆ ಗಾಜಿನ ಸೂಕ್ಷ್ಮ ಉಪಕರಣಗಳನ್ನು ಹಿಡಿದು ಕೆಲಸ ಮಾಡುವುದು ಇನ್ನು ಸಾಧ್ಯವಿರಲಿಲ್ಲ. ಶಾಂಬರ್ಲಾಂ, ರೂ ಮೊದಲಾದ ಕಿರಿಯರು ಅವನಿಗೆ ಕೈಗಳಾದರು. ಆದರೆ ಆಸರೆ ಪಡೆದವನು ಇತರರಿಗೆ ಆಸರೆಯಾಗಲಾರನೆಂದು ತಿಳಿಯಬಾರದು. ೧೮೭೧ರ ಜನವರಿಯಲ್ಲಿ ಫ್ರಾನ್ಸಿನ ಸೈನ್ಯ ಜರ್ಮನರೆದುರು ಸೋತು ಹಿಮದಲ್ಲಿ ಹಿಮ್ಮೆಟ್ಟುತ್ತಿದ್ದಾಗ, ಅದರಲ್ಲಿದ್ದ ಮಗನ ಸುದ್ದಿ ತಿಳಿಯದೆ, ಈ ಕುಂಟುಗಾಲಿನ ತಂದೆ ಹೆಂಡತಿ ಮಗಳೊಡನೆ ಹಳೆಯ ಗಾಡಿಯೊಂದರಲ್ಲಿ ಹೊರಟು, ಪೊಂತಾರ್ಲಿಯೆ ಎಂಬಲ್ಲಿ ಸೈನಿಕರ ಗುಂಪಿನಲ್ಲಿ ಅವನನ್ನು ಹುಡುಕಿ ಕಂಡನು.

ಆಮೇಲಿನ ಕಥೆ ಎಲ್ಲರಿಗೂ ತಿಳಿದುದೇ. ೧೮೮೧ರಲ್ಲಿ ಪೂಯಿ ಲ ಫೋರ್ ಎಂಬಲ್ಲಿ ಕುರಿಗಳಿಗೆ ನೆರಡಿರೋಗದ ಲಸಿಕೆ ಹಾಕಿ ಎಲ್ಲರೆದುರು ಗೆದ್ದನು. ೧೮೮೫ರ ಜುಲೈ ೬ರಂದು ಹುಚ್ಚುನಾಯಿ ಕಡಿದ ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರನನ್ನು ಅವನ ತಾಯಿ ಕರೆತಂದಳು. ಪಾಶ್ಚರನು ವೈದ್ಯನಲ್ಲದ ಕಾರಣ ಗ್ರಾಂಶೆ ಎಂಬ ವೈದ್ಯನು ಚುಚ್ಚುಮದ್ದು ಕೊಟ್ಟನು, ಹುಡುಗನು ಉಳಿದನು. ೧೮೮೭ರಲ್ಲಿ ರೋಗ ಮತ್ತೆ ಹೊಡೆದು ನಾಲಗೆಯ ಶಕ್ತಿಯನ್ನು ಕುಗ್ಗಿಸಿತು. ಮರುವರ್ಷ ನವೆಂಬರ್ ೧೪ರಂದು ಪ್ಯಾರಿಸ್ಸಿನಲ್ಲಿ ಅವನ ಹೆಸರಿನ ಸಂಸ್ಥೆ ಆರಂಭವಾದಾಗ, ಅವನ ಭಾಷಣವನ್ನು ಓದಿದವನು ಮಗನು. ಹಿಂದೆ ತಾಯಿತಂದೆಯರು ಹಿಮದಲ್ಲಿ ಹುಡುಕಿ ತಂದ ಮಗನು. ೧೮೯೫ರ ಸೆಪ್ಟೆಂಬರ್ ೨೮ರಂದು ಪಾಶ್ಚರನು ತೀರಿಕೊಂಡಾಗ ಅವನ ಒಂದು ಕೈ ಮಾರಿಯ ಕೈಯಲ್ಲಿತ್ತು. ಮೊದಲ ಪೆಟ್ಟು ಬಿದ್ದು ಆಗ ಸುಮಾರು ಇಪ್ಪತ್ತೇಳು ವರ್ಷಗಳಾಗಿದ್ದುವು. ೧೯೧೦ರಲ್ಲಿ ಆಕೆ ತೀರಿಕೊಂಡಾಗ, ಆ ಸಂಸ್ಥೆಯ ನೆಲಮಾಳಿಗೆಯಲ್ಲಿ ಅವನ ಬಳಿಯಲ್ಲಿಯೇ ಆಕೆಗೂ ಎಡೆ ದೊರೆಯಿತು.

ಇನ್ನು ನಮ್ಮ ಮನೆಯ ತಪ್ಪಿನ ಮಾತು. ಅಪ್ಪ ಆಸ್ಪತ್ರೆಯಿಂದ ಬರುವಷ್ಟರಲ್ಲಿ ನಾನೂ ಚಿಕ್ಕಪ್ಪನೂ ಕೂಡಿ ಹಿಪ್ಪುನೇರಳೆ ತೋಟದ ಸೊಪ್ಪನ್ನು ಬೇರೆಯವರಿಗೆ ಗುತ್ತಿಗೆ ಕೊಟ್ಟಿದ್ದೆವು. ಚಂದ್ರಂಕಿಗಳನ್ನು ಅಟ್ಟಕ್ಕೆ ಏರಿಸಿ, ಹುಳುವಿನ ಮನೆಗೆ ಬೀಗ ಹಾಕಿದ್ದೆವು. ಅವರಿಗೆ ಯಾವ ಚಿಂತೆಯೂ ಇರಬಾರದೆಂಬುದೇ ನಮ್ಮ ಉದ್ದೇಶ. ಅವ್ವ ಮಾತ್ರ ಏನೂ ಹೇಳಲಿಲ್ಲ. ಹೊತ್ತು ಹೊತ್ತಿಗೆ ಗಂಜಿ ಕುಡಿಸುತ್ತಿದ್ದರು, ಕಾಲು ನೀವುತ್ತಿದ್ದರು. ವೈದ್ಯರು ಹೇಳಿಕೊಟ್ಟ ಅಂಗಸಾಧನೆಯನ್ನು ಅಪ್ಪ ಮಾಡುತ್ತಿರಲಿಲ್ಲ. ಬೆಳಗ್ಗೆ ನಮ್ಮ ತೋಟದ ಸೊಪ್ಪಿನ ಹೊರೆಗಳು ಜಗಲಿಯ ಮುಂದೆ ಹಾದುಹೋಗುವಾಗ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ರೋಗದಿಂದ ಹೀಗಾಗಿದ್ದಾರೆಂದು ನಾನು ತಿಳಿದಿದ್ದೆ. ಪಾಶ್ಚರನ ಕಟ್ಟಡ ನಿಂತುಹೋದ ಸಂಗತಿಯನ್ನು ಓದಿದ ದಿನ ಗ್ರಂಥಾಲಯದಿಂದ ಬಸ್ಸಿನವರೆಗೆ ನಡೆದು ಬಂದುದು ನನಗೆ ನೆನಪಿಲ್ಲ. ಅಪ್ಪನ ಕಟ್ಟಡವನ್ನು ನಿಲ್ಲಿಸಿದವರು ನಾವೇ ಆಗಿದ್ದೆವು.

ಸಂಕ್ರಾಂತಿ ಕಳೆದ ಮೇಲೆ ಐವತ್ತು ಮೊಟ್ಟೆಯ ಹುಳು ತಂದೆವು. ಹಿಂದೆ ಅಪ್ಪ ಸಾಕುತ್ತಿದ್ದುದರ ಕಾಲುಭಾಗವೂ ಅಲ್ಲ. ಅವರನ್ನು ಕುರ್ಚಿಯಲ್ಲಿ ಹುಳುವಿನ ಮನೆಯ ಬಾಗಿಲಲ್ಲಿ ಕೂರಿಸಿದೆವು. ಅವ್ವ ಮತ್ತು ನನ್ನ ತಂಗಿ ಸೊಪ್ಪು ಹಾಕಿದರು. ನೆರೆಯ ಮನೆಯವರು ಸೊಪ್ಪು ಕೊಯ್ದುಕೊಟ್ಟರು. ನಾನು ರಜಾ ದಿನಗಳಲ್ಲಿ ಹಾಸಿಗೆ ಬದಲಾಯಿಸಿದೆ. ನಾಲ್ಕನೆಯ ಜ್ವರ ಎದ್ದ ಹುಳು ಸೊಪ್ಪು ತಿನ್ನುವಾಗ ಮಳೆ ಹುಯ್ಯುವಂಥ ಸದ್ದಾಗುತ್ತದೆ. ಅಪ್ಪ ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳಿ, ಮೂಲೆಯ ತಟ್ಟೆಗೆ ಸೊಪ್ಪು ಸಾಲದೆಂದು ತೊದಲುತ್ತ ಹೇಳಿದರು. ಹೋಗಿ ನೋಡಿದರೆ ನಿಜವಾಗಿತ್ತು. ಹುಳು ಹಣ್ಣಾದ ದಿನ ಒಂದನ್ನು ಬಲಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಎಡಗೈಯನ್ನು ಬಲಗೈಯಿಂದ ಎತ್ತಿಕೊಂಡು ಚಂದ್ರಂಕಿಯ ಮೇಲೆ ಇಟ್ಟರು. ಅದರಿಂದ ಏನೂ ಮಾಡಲಾಗಲಿಲ್ಲ, ಸುಮ್ಮನೆ ಇಟ್ಟುಕೊಂಡಿದ್ದರು. ಮರುದಿನದಿಂದ ಅಂಗಸಾಧನೆಗೆ ಯಾರೂ ಬಲವಂತಪಡಿಸಬೇಕಾಗಲಿಲ್ಲ.

ಮೆದುಳಿನ ಪೆಟ್ಟು ಎಲ್ಲರಿಗೂ ಒಂದೇ ತೆರನಾಗಿರುವುದಿಲ್ಲ. ಪಾಶ್ಚರನಿಗೆ ಬುದ್ಧಿಯೂ ಬಲಗೈಯೂ ಉಳಿದಿದ್ದುವು. ಕೆಲವರಿಗೆ ಅವೂ ಉಳಿಯುವುದಿಲ್ಲ. ಚಿಕಿತ್ಸೆ, ವಿಶ್ರಾಂತಿಗಳನ್ನು ಬಿಟ್ಟು ಎಲ್ಲರನ್ನೂ ದುಡಿಮೆಗೆ ಹಚ್ಚಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಬಿದ್ದವನ ಬಾಳು ಮುಗಿಯಿತೆಂದು ಪಕ್ಕದಲ್ಲಿರುವವರು ಮೊದಲೇ ತೀರ್ಮಾನಿಸಬಾರದು. ಜೆರ್ನೆ ಅಂದು ಲೇಖನಿ ಹಿಡಿದಂತೆ, ಅವನ ಕೆಲಸದಲ್ಲಿ ಅವನಿಂದಾಗುವಷ್ಟನ್ನು ಅವನಿಗೇ ಬಿಟ್ಟು, ಆಗದುದಕ್ಕೆ ನಮ್ಮ ಕೈಯನ್ನು ಕೊಡಬೇಕು.

ಆ ಬೆಳೆಯ ಗೂಡು ಹೆಚ್ಚೇನೂ ಬರಲಿಲ್ಲ. ರಾಮನಗರದ ಮಾರುಕಟ್ಟೆಯಿಂದ ನಾನು ತಂದ ಹಣವನ್ನು ಅಪ್ಪ ಬಲಗೈಯಿಂದ ಎರಡು ಸಲ ಎಣಿಸಿ, ಮುಂದಿನ ಸಲಕ್ಕೆ ನೂರು ಮೊಟ್ಟೆ ತರಬೇಕೆಂದರು. ತರುವವನು ನಾನು, ಬಿತ್ತನೆ ಕೋಠಿಯಲ್ಲಿ ಆ ಚಿಟ್ಟೆಗಳನ್ನು ಪರೀಕ್ಷಿಸಿದ್ದಾರೆಯೇ ಎಂದು ಮರೆಯದೆ ಕೇಳಿ ಬರಬೇಕೆಂದೂ ಅವರ ಅಪ್ಪಣೆಯಾಗಿದೆ.